ಬೇಲಿಯೊಳಗಿನ ಪೇಟೆ: ಸೈಪ್ರಸ್ಸಿನ ವರೋಶಾ ನೋಡಲು ಹೋಗುವವರಿಗೆ

ಸೈಪ್ರಸ್ ದ್ವೀಪದ ಉತ್ತರ ಭಾಗದಲ್ಲಿ, ಫಾಮಗುಸ್ತಾ ಊರಿಗೆ ಅಂಟಿಕೊಂಡು, 1974ರಿಂದ ಜನರಿಲ್ಲದೆ ಖಾಲಿ ಬಿದ್ದಿರುವ ಪೇಟೆ ವರೋಶಾ. ಅಲ್ಲಿಗೆ ಹೊರಟವರ ದೊಡ್ಡ ತಪ್ಪು ಆಗುವುದು ಅಲ್ಲಿಗೆ ಹೋದ ಮೇಲಲ್ಲ, ವಿಮಾನದ ಟಿಕೆಟ್ ತೆಗೆಯುವಾಗ. ಇಸ್ತಾಂಬುಲ್ ಮೂಲಕ ಎರ್ಜಾನ್ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ ಕಣ್ಣಿಗೆ ಬೀಳುತ್ತದೆ, ಸಲೀಸಾಗಿಯೂ ಕಾಣುತ್ತದೆ. ಆದರೆ ಎರ್ಜಾನ್ ಇರುವುದು ದ್ವೀಪದ ಉತ್ತರ ಭಾಗದಲ್ಲಿ, ಟರ್ಕಿಯೊಂದನ್ನು ಬಿಟ್ಟರೆ ಯಾವ ದೇಶವೂ ಮಾನ್ಯ ಮಾಡದ ಆಡಳಿತದ ಕೈಯಲ್ಲಿ. ಸೈಪ್ರಸ್ ಗಣರಾಜ್ಯದ ಕಾನೂನಿನಂತೆ ಅದು ದೇಶದೊಳಕ್ಕೆ ಬರುವ ಅಧಿಕೃತ ಬಾಗಿಲೇ ಅಲ್ಲ. ಅಲ್ಲಿ ಇಳಿದವರನ್ನು ದಕ್ಷಿಣಕ್ಕೆ ದಾಟಲು ಬಿಡದೆ ಇರಬಹುದು, ದಂಡ ಹಾಕಬಹುದು. ಟರ್ಕಿಯ ದಡದಿಂದ ಫಾಮಗುಸ್ತಾ ಅಥವಾ ಕಿರೇನಿಯಾ ಬಂದರಿಗೆ ಬರುವ ಹಡಗಿಗೂ ಇದೇ ಮಾತು. ಆದ್ದರಿಂದ ಲಾರ್ನಕಾ ಅಥವಾ ಪಾಫೋಸ್ ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ನೆಲದ ಮೇಲೆ ಉತ್ತರಕ್ಕೆ ದಾಟಿ, ಸಂಜೆ ದಕ್ಷಿಣಕ್ಕೇ ವಾಪಸು ಬನ್ನಿ. ಲಾರ್ನಕಾ ಹತ್ತಿರ. ಈ ಬರಹ ಪೂರ್ತಿ ಆ ದಾರಿಯನ್ನೇ ಹಿಡಿದಿದೆ.

ಊರಿನ ವಿಷಯ ಸ್ವಲ್ಪ ತಿಳಿದಿದ್ದರೆ ಒಳಗೆ ಕಾಣುವುದೆಲ್ಲ ಅರ್ಥವಾಗುತ್ತದೆ. ಫಾಮಗುಸ್ತಾ ಕೋಟೆಯ ಊರು. ಗ್ರೀಕರು ಅದನ್ನು ಅಮ್ಮೋಖೊಸ್ತೋಸ್ ಅನ್ನುತ್ತಾರೆ, ಮರಳಲ್ಲಿ ಅಡಗಿದ್ದು ಎಂದು ಅರ್ಥ. 1571ರಲ್ಲಿ ಆಟೊಮನ್ನರು ಕೋಟೆ ಗೆದ್ದ ಮೇಲೆ ಕ್ರೈಸ್ತರು ಗೋಡೆಯ ಹೊರಗೆ ಮನೆ ಮಾಡಿಕೊಳ್ಳಬೇಕಾಯಿತು. ಆ ಹೊರಕೇರಿಯೇ ವರೋಶಾ. ಟರ್ಕಿಷ್‌ನಲ್ಲಿ ‘ವರೋಷ್’ ಅಂದರೆ ಊರಾಚೆಯ ಬಡಾವಣೆ. ನಮ್ಮಲ್ಲಿ ಕೋಟೆ ಬೇರೆ, ಪೇಟೆ ಬೇರೆ ಇದ್ದ ಹಾಗೆಯೇ ಅನ್ನಿ. 1960ರಲ್ಲಿ ಸೈಪ್ರಸ್ ಸ್ವತಂತ್ರವಾದ ಮೇಲೆ ಈ ಪೇಟೆ ಮರಳದಂಡೆಯ ಉದ್ದಕ್ಕೂ ಬಹುಮಹಡಿ ಹೋಟೆಲುಗಳ ಸಾಲಾಗಿ ಎದ್ದು ನಿಂತಿತು, ದ್ವೀಪದ ಪ್ರವಾಸೋದ್ಯಮದ ದೊಡ್ಡ ಪಾಲು ಇಲ್ಲಿಯೇ ನಡೆಯುತ್ತಿತ್ತು. 1974ರ ಜುಲೈ 15ರಂದು ಗ್ರೀಸಿನ ಸೇನಾಡಳಿತದ ಬೆಂಬಲದಿಂದ ಸೈಪ್ರಸ್ಸಿನಲ್ಲಿ ಕ್ಷಿಪ್ರಕ್ರಾಂತಿ ನಡೆಯಿತು. ಜುಲೈ 20ರಂದು ಟರ್ಕಿಯ ಸೇನೆ ಬಂದಿಳಿಯಿತು, ಆಗಸ್ಟ್ 14ರಂದು ಎರಡನೆಯ ಸಲ ಮುನ್ನುಗ್ಗಿತು. ದ್ವೀಪದ ನಡುವೆ ಗೆರೆ ಬಿದ್ದು ಉತ್ತರ, ದಕ್ಷಿಣ ಎಂದು ಇಬ್ಭಾಗವಾಯಿತು. ವರೋಶಾದ ಜನ, ಹೆಚ್ಚಾಗಿ ಗ್ರೀಕ್ ಮಾತಾಡುವ ಸೈಪ್ರಿಯಟ್ಟರು, ಎರಡು ದಿನ ಬಿಟ್ಟು ಬರೋಣವೆಂದು ಬಾಗಿಲಿಗೆ ಬೀಗ ಹಾಕಿ ಹೊರಟವರು. ಸೇನೆ ಪೇಟೆಗೆ ಬೇಲಿ ಹಾಕಿತು, ಯಾರನ್ನೂ ಒಳಗೆ ಬಿಡಲಿಲ್ಲ.

ಉಳಿದದ್ದು ಕಾಗದದ ಮೇಲೆ ನಡೆಯಿತು. ಪೇಟೆಯ ಯಾವ ಭಾಗದಲ್ಲೂ ಅದರ ನಿವಾಸಿಗಳಲ್ಲದವರನ್ನು ನೆಲೆಗೊಳಿಸಲು ಹೊರಡುವುದು ಒಪ್ಪತಕ್ಕದ್ದಲ್ಲ, ಪ್ರದೇಶವನ್ನು ವಿಶ್ವಸಂಸ್ಥೆಯ ಆಡಳಿತಕ್ಕೆ ಬಿಟ್ಟುಕೊಡಬೇಕು ಎಂದು ಭದ್ರತಾ ಮಂಡಳಿ 1984ರಲ್ಲಿ 550ನೇ ನಿರ್ಣಯದಲ್ಲಿ ಹೇಳಿತು. 1992ರ 789ನೇ ನಿರ್ಣಯದಲ್ಲೂ ವರೋಶಾದ ಹೆಸರು ಬಂತು. 2020ರ ಅಕ್ಟೋಬರ್ 8ರಂದು ಉತ್ತರದ ಆಡಳಿತ ಕೆಲವು ಬೀದಿಗಳನ್ನೂ ದಡದ ಒಂದು ಭಾಗವನ್ನೂ ಸಾರ್ವಜನಿಕರಿಗೆ ತೆರೆದುಬಿಟ್ಟಿತು. 2021ರ ಜುಲೈಯಲ್ಲಿ ಪ್ರದೇಶದ ಶೇ. 3.5ರಷ್ಟನ್ನು ಸೇನೆಯ ಹಿಡಿತದಿಂದ ಬಿಡಿಸುವುದಾಗಿ ಹೇಳಿದಾಗ ಭದ್ರತಾ ಮಂಡಳಿ ಅದನ್ನು ಖಂಡಿಸಿತು. ಹಾಗಾಗಿ ನೀವು ಹೋಗುವುದು ಹಾಳುಬಿದ್ದ ಊರಿಗಲ್ಲ, ಇನ್ನೂ ತೀರದ ವ್ಯಾಜ್ಯದ ಆಸ್ತಿಗೆ. ಮನೆಯವರಲ್ಲಿ ಅನೇಕರು ಬದುಕಿದ್ದಾರೆ, ಕೆಲವರು ಹತ್ತು ಹದಿನೈದು ಕಿಲೋಮೀಟರ್ ಆಚೆಯೇ ಇದ್ದಾರೆ. ಮುಂದೆ ಹೇಳುವ ಕಟ್ಟುಪಾಡುಗಳಲ್ಲಿ ಅರ್ಧ ಈ ಕಾರಣಕ್ಕೆ ಹುಟ್ಟಿದವು. ಗ್ರೀಕ್ ಸೈಪ್ರಿಯಟ್ಟರಲ್ಲಿ ಪ್ರವಾಸಿಗರು ಅಲ್ಲಿಗೆ ಹೋಗುವುದೇ ತಪ್ಪು ಅನ್ನುವವರೂ ಇದ್ದಾರೆ. ಹೋಗದೆ ನೋಡುವ ದಾರಿಯೂ ಒಂದಿದೆ, ಕೊನೆಗೆ ಹೇಳುತ್ತೇವೆ.

ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಸೈಪ್ರಸ್ ಗಣರಾಜ್ಯದ ವೀಸಾ ಬೇಕು. ಹೊಸದಿಲ್ಲಿಯಲ್ಲಿ ಅದರ ಹೈಕಮಿಷನ್ ಇದೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ, ಎರಡು ಅಥವಾ ಹೆಚ್ಚು ಸಲ ಪ್ರವೇಶ ಇರುವಂಥದ್ದು, ನಿಮ್ಮಲ್ಲಿದ್ದು, ಅದರಲ್ಲಿ ಒಮ್ಮೆ ಷೆಂಗೆನ್ ದೇಶವೊಂದಕ್ಕೆ ಹೋಗಿದ್ದರೆ, ಅದರ ಮೇಲೆಯೇ ಸೈಪ್ರಸ್ಸಿಗೂ ಹೋಗಲು ಬಿಡುವ ಪದ್ಧತಿ ಇದೆ. ಒಂದೇ ಪ್ರವೇಶದ ಷೆಂಗೆನ್ ವೀಸಾ ನಡೆಯುವುದಿಲ್ಲ. ಹೊರಡುವ ತಿಂಗಳಲ್ಲಿ ಹೈಕಮಿಷನ್ನಿನ ಪುಟ ನೋಡಿ ಖಾತ್ರಿ ಮಾಡಿಕೊಳ್ಳಿ.

ಉತ್ತರದವರ ನಿಯಮ ಬೇರೆ, ಅದು ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದರ ಮೇಲೆ ಹೋಗುತ್ತದೆ. ಯುರೋಪಿನವರು ಬರೆದ ‘ಪಾಸ್‌ಪೋರ್ಟ್ ತೋರಿಸಿ ದಾಟಿದೆವು’ ಎಂಬ ಅನುಭವವನ್ನು ನಂಬಿ ಹೊರಡಬೇಡಿ. ಭಾರತೀಯರಿಗೆ ಆ ಹೊತ್ತಿಗೆ ಏನು ಬೇಕೆಂದು ಮೊದಲೇ ಕೇಳಿ, ಉತ್ತರವನ್ನು ಇ-ಮೇಲ್‌ನಲ್ಲಿ ಪಡೆದು ಮುದ್ರಿಸಿಟ್ಟುಕೊಳ್ಳಿ. ಪಾಸ್‌ಪೋರ್ಟಿನ ಹಾಳೆಯಲ್ಲಿ ಉತ್ತರದ ಮುದ್ರೆ ಬೇಡವೆಂದಿದ್ದರೆ ಬಿಡಿ ಚೀಟಿ ಕೇಳಬಹುದು. ಚೀಟಿ ಕೊಟ್ಟರೆ ವಾಪಸು ಬರುವತನಕ ಪಾಸ್‌ಪೋರ್ಟ್ ಒಳಗೇ ಇರಲಿ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಭಾರತದ ಹೈಕಮಿಷನ್ ಇರುವುದು ನಿಕೋಸಿಯಾದ ದಕ್ಷಿಣ ಭಾಗದಲ್ಲಿ. ಉತ್ತರದಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡರೆ ನೀವು ಒಂದು ಕಡೆ, ನಿಮ್ಮ ದೇಶದ ಕಚೇರಿ ಗೆರೆಯ ಇನ್ನೊಂದು ಕಡೆ. ಪಾಸ್‌ಪೋರ್ಟನ್ನು ಜೇಬಿನಲ್ಲಿಟ್ಟುಕೊಂಡು ಸೈಕಲ್ ತುಳಿಯಬೇಡಿ, ಸಮುದ್ರಕ್ಕೆ ಇಳಿಯುವಾಗ ಚೀಲ ಕಾಯಲು ಒಬ್ಬರು ದಡದಲ್ಲಿರಲಿ. ಎರಡು ನಕಲು ಪ್ರತಿ ತೆಗೆದು ಒಂದನ್ನು ದಕ್ಷಿಣದ ವಸತಿಯಲ್ಲಿ ಬಿಡಿ. ಪ್ರಯಾಣ ವಿಮೆಯ ಕಾಗದವನ್ನೂ ಓದಿ. ಸೈಪ್ರಸ್ ಎಂದು ಬರೆದಿದ್ದರೂ ಉತ್ತರ ಭಾಗವನ್ನು ಹೊರಗಿಡುವ ಪಾಲಿಸಿಗಳಿವೆ. ತುರ್ತಿಗೆ 112 ಎರಡೂ ಕಡೆ ನಡೆಯುತ್ತದೆ.

ಎಲ್ಲಿ ದಾಟುವುದು

ದ್ವೀಪವನ್ನು ಸೀಳುವ ವಿಶ್ವಸಂಸ್ಥೆಯ ತಡೆವಲಯ ಸುಮಾರು 180 ಕಿ.ಮೀ. ಉದ್ದ. ಅದನ್ನು ದಾಟಲು ಕೆಲವೇ ಜಾಗಗಳಿವೆ. ವರೋಶಾಗೆ ಹತ್ತಿರದ್ದು ಡೆರೀನಿಯಾ, 2018ರ ನವೆಂಬರ್ 12ರಂದು ತೆರೆದದ್ದು. ಲಾರ್ನಕಾದಿಂದ ಸುಮಾರು ಒಂದು ಗಂಟೆಯ ದಾರಿ, ಅಯಾ ನಾಪಾ ಮತ್ತು ಪ್ರೊತಾರಾಸ್‌ನಿಂದ ಇನ್ನೂ ಹತ್ತಿರ. ಬ್ರಿಟಿಷರ ಢೆಕೆಲಿಯಾ ನೆಲೆಯ ಮೂಲಕ ಹೋಗುವ ಸ್ಟ್ರೊವಿಲಿಯಾ, ಪೆರ್ಗಾಮೋಸ್ ಎಂಬ ಇನ್ನೆರಡು ದಾಟುಗಳಿವೆ, ಕಾರಿನವರಿಗೆ ಅನುಕೂಲ. ಕಾರಿಲ್ಲದಿದ್ದರೆ ನಿಕೋಸಿಯಾಕ್ಕೆ ಹೋಗಿ ಲೆಡ್ರಾ ಬೀದಿಯಲ್ಲಿ ನಡೆದೇ ದಾಟಿ, ಉತ್ತರ ನಿಕೋಸಿಯಾದ ಬಸ್ ನಿಲ್ದಾಣದಿಂದ ಫಾಮಗುಸ್ತಾಗೆ ಮಿನಿಬಸ್ ಹಿಡಿಯಿರಿ. ಸುಮಾರು 60 ಕಿ.ಮೀ., ಒಂದು ಗಂಟೆ ಚಿಲ್ಲರೆ. ಬಸ್ಸಿನ ಹಲಗೆಯ ಮೇಲೆ ಫಾಮಗುಸ್ತಾ ಎಂದು ಇರುವುದಿಲ್ಲ, ಟರ್ಕಿಷ್ ಹೆಸರು ‘ಗಾಜಿಮಾವುಸಾ’ ಅಥವಾ ಬರೀ ‘ಮಾವುಸಾ’ ಎಂದಿರುತ್ತದೆ. ವರೋಶಾಗೆ ಅವರ ಹೆಸರು ‘ಮರಾಶ್’. ಬೇಲಿಯೊಳಗಿನದು ‘ಕಪಲಿ ಮರಾಶ್’, ಅಂದರೆ ಮುಚ್ಚಿದ ಮರಾಶ್. ಬರೀ ಮರಾಶ್ ಎಂದರೆ ಬೇಲಿಯ ಹೊರಗಿರುವ, ಜನ ಬಾಳುವ ಬಡಾವಣೆಗೆ ಟ್ಯಾಕ್ಸಿಯವರು ಕರೆದೊಯ್ಯುತ್ತಾರೆ.

ಡೆರೀನಿಯಾದಲ್ಲಿ ನಡೆದು ದಾಟಿದರೆ ಆ ಕಡೆ ಟ್ಯಾಕ್ಸಿ ಕಾದಿರುತ್ತದೆಂಬ ಭರವಸೆ ಇಲ್ಲ. ಅಲ್ಲಿಂದ ಬೇಲಿಯ ಬಾಗಿಲಿಗೆ ಸುಮಾರು 5 ಕಿ.ಮೀ., ನೆರಳಿಲ್ಲದ ರಸ್ತೆ. ಹಿಂದಿನ ದಿನವೇ ಫಾಮಗುಸ್ತಾದ ಟ್ಯಾಕ್ಸಿ ಗೊತ್ತುಮಾಡಿ, ವಾಪಸಿನ ಹೊತ್ತನ್ನೂ ಹೇಳಿಬಿಡಿ.

ಬಾಡಿಗೆ ಕಾರಿನದು ಬೇರೆಯೇ ತೊಡಕು. ದ್ವೀಪದ ಎರಡೂ ಕಡೆ ನಮ್ಮ ಹಾಗೆ ಎಡಬದಿಯಲ್ಲಿ ಓಡಿಸುತ್ತಾರೆ, ಹಾಗಾಗಿ ನಮ್ಮವರಿಗೆ ರಸ್ತೆ ಕಷ್ಟವಲ್ಲ, ವಿಮೆ ಕಷ್ಟ. ದಕ್ಷಿಣದ ಕಾರಿನ ವಿಮೆ ಗೆರೆ ದಾಟಿದ ಕೂಡಲೇ ಬಿದ್ದುಹೋಗುತ್ತದೆ. ದಾಟುವಲ್ಲಿಯೇ ಒಂದು ಗೂಡಿನಲ್ಲಿ ಉತ್ತರದ ವಿಮೆ ಮಾರುತ್ತಾರೆ, ಕೆಲವು ದಿನಕ್ಕೆ ಇಷ್ಟು, ತಿಂಗಳಿಗೆ ಇಷ್ಟು ಎಂದು. ಆದರೆ ಅದು ಎದುರಿನವರ ನಷ್ಟಕ್ಕೆ ಮಾತ್ರ. ನಿಮ್ಮ ಕಾರಿನ ಗೀಚಿಗೂ, ಒಡೆದ ಗಾಜಿಗೂ, ಕೆಟ್ಟು ನಿಂತರೆ ಎಳೆಸಲಿಕ್ಕೂ ಅದರಿಂದ ಕಾಸು ಬರುವುದಿಲ್ಲ. ಬಾಡಿಗೆ ಕೊಡುವವರಲ್ಲಿ ಕೆಲವರು ದಾಟಲೇಬೇಡಿ ಅನ್ನುತ್ತಾರೆ. ಬಾಯಿಮಾತಿನ ಅನುಮತಿ ಸಾಲದು, ಒಪ್ಪಂದದ ಹಾಳೆಯ ಮೇಲೆ ಬರೆಸಿಕೊಳ್ಳಿ. ಒಂದೇ ದಿನದ ಭೇಟಿಗೆ ಕಾರನ್ನು ಈ ಕಡೆ ನಿಲ್ಲಿಸಿ ಟ್ಯಾಕ್ಸಿ ಹಿಡಿಯುವುದೇ ಲೇಸು.

ಎರಡು ಕಡೆಯ ಪೊಲೀಸರೂ ಪಾಸ್‌ಪೋರ್ಟ್ ನೋಡುತ್ತಾರೆ. ನಡುವಿನ ಜಾಗದಲ್ಲಿ ಕ್ಯಾಮೆರಾ ಚೀಲದಲ್ಲಿರಲಿ. ಬಾವುಟ, ಕಾವಲುಗೋಪುರ, ಸೈನಿಕರು, ವಿಶ್ವಸಂಸ್ಥೆಯ ಬಿಳಿ ಗಾಡಿ, ಯಾವುದೂ ತಮಾಷೆಯ ಚಿತ್ರಕ್ಕಲ್ಲ. 1996ರ ಆಗಸ್ಟ್‌ನಲ್ಲಿ ಇದೇ ಡೆರೀನಿಯಾದ ತಡೆವಲಯದಲ್ಲಿ ಪ್ರತಿಭಟನೆಗೆ ಬಂದಿದ್ದ ಗ್ರೀಕ್ ಸೈಪ್ರಿಯಟ್ ಯುವಕರಿಬ್ಬರು ಮೂರು ದಿನದ ಅಂತರದಲ್ಲಿ ಕೊಲೆಯಾದರು. ಆಗಸ್ಟ್ ನಡುವಿನಲ್ಲಿ ಅವರ ನೆನಪಿಗೆ ಜನ ಸೇರುತ್ತಾರೆ, ಆ ದಿನಗಳನ್ನು ತಪ್ಪಿಸಿ. ಜುಲೈ 20 ಕೂಡ ಬೇಡ. ಅಂದು ಉತ್ತರದಲ್ಲಿ ಹಬ್ಬ, ದಕ್ಷಿಣದಲ್ಲಿ ಶೋಕ. ದಕ್ಷಿಣದ ಊರುಗಳಲ್ಲಿ ಬೆಳಗಿನ 5.30ಕ್ಕೆ ಸೈರನ್ ಕೂಗುತ್ತದೆ, ಗೊತ್ತಿಲ್ಲದವರು ಹೋಟೆಲಿನ ಹಾಸಿಗೆಯಿಂದ ಎದ್ದು ಓಡುವಷ್ಟು ಜೋರಾಗಿ.

ದಾಟುವ ಮೊದಲೇ ಫೋನಿನ ರೋಮಿಂಗ್ ಆರಿಸಿ. ಗೆರೆಯ ಹತ್ತಿರ ಬಂದ ಕೂಡಲೇ ಫೋನು ಉತ್ತರದ ಟರ್ಕಿಷ್ ಜಾಲವನ್ನು ಹಿಡಿಯುತ್ತದೆ, ಯುರೋಪಿನ ಸಿಮ್ಮಿನ ಅಗ್ಗದ ರೋಮಿಂಗ್ ಅಲ್ಲಿಗೆ ಅನ್ವಯಿಸುವುದಿಲ್ಲ. ನಕ್ಷೆಯನ್ನು ಮುಂಚೆಯೇ ಇಳಿಸಿಕೊಳ್ಳಿ. ಹಣ ಟರ್ಕಿಷ್ ಲಿರಾ. ಯೂರೋವನ್ನು ಹೆಚ್ಚಿನ ಕಡೆ ತೆಗೆದುಕೊಳ್ಳುತ್ತಾರೆ, ಆದರೆ ಚಿಲ್ಲರೆ ಲಿರಾದಲ್ಲಿ ಬರುತ್ತದೆ. 5 ಮತ್ತು 10 ಯೂರೋ ನೋಟುಗಳಿದ್ದರೆ ಲೆಕ್ಕ ಸುಲಭ.

ಯಾವಾಗ, ಎಷ್ಟು ಹೊತ್ತು

ಮಾರ್ಚ್ ಕೊನೆಯಿಂದ ಮೇ, ಇಲ್ಲವೇ ಅಕ್ಟೋಬರ್–ನವೆಂಬರ್. ಜುಲೈ–ಆಗಸ್ಟ್‌ನಲ್ಲಿ ನೆರಳಲ್ಲೇ 35 ಡಿಗ್ರಿ ಮುಟ್ಟುತ್ತದೆ, ಅಲ್ಲಿ ನೆರಳಿಗೆ ನಿಲ್ಲೋಣವೆಂದರೆ ನಿಲ್ಲಬಾರದ ಕಟ್ಟಡಗಳ ನೆರಳೊಂದೇ ಇರುವುದು. ತಲೆಗೆ ಒಂದೂವರೆಯಿಂದ ಎರಡು ಲೀಟರ್ ನೀರು ಹೊತ್ತುಕೊಳ್ಳಿ. ಒಳಗೆ ಒಂದೆರಡು ಕಡೆ ತಿಂಡಿ, ಪಾನೀಯ ಮಾರುತ್ತಾರೆ, ಅವನ್ನೇ ನೆಚ್ಚಬೇಡಿ.

ಪ್ರವೇಶಕ್ಕೆ ಹಣವಿಲ್ಲ. ಬಾಗಿಲು ಸಾಮಾನ್ಯವಾಗಿ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ಮುಚ್ಚುವ ಹೊತ್ತು ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು, ಆಗಾಗ ಬದಲಾಗುತ್ತದೆ ಕೂಡ. ಒಳಗೆ ಹೋಗುವಾಗಲೇ ಕಾವಲಿನವರನ್ನು ಕೇಳಿಕೊಳ್ಳಿ. ನಿಧಾನವಾಗಿ ನೋಡುವವರಿಗೆ ಮೂರು ಗಂಟೆ, ದಡದಲ್ಲಿ ಕೂರುವುದಿದ್ದರೆ ಇನ್ನೊಂದು. ಬಾಗಿಲ ಬಳಿ ಸೈಕಲ್ಲೂ ಬ್ಯಾಟರಿ ಸ್ಕೂಟರೂ ಬಾಡಿಗೆಗೆ ಸಿಗುತ್ತವೆ. ಸೈಕಲ್ ತೆಗೆದುಕೊಳ್ಳಿ. ಸ್ಕೂಟರಿನ ಬ್ಯಾಟರಿ ಎಷ್ಟಿದೆ ಎಂದು ನೋಡದೆ ಹೊರಟವರು ಉರಿಬಿಸಿಲಲ್ಲಿ ಅದನ್ನು ತಳ್ಳಿಕೊಂಡು ಬರುತ್ತಾರೆ. ಸೈಕಲ್ ತೆಗೆಯುವ ಮುಂಚೆ ಎರಡು ಬ್ರೇಕನ್ನೂ ಹಿಡಿದು ನೋಡಿ, ಸೀಟು ಎತ್ತರಿಸಿಕೊಳ್ಳಿ, ಮೊದಲೇ ಇರುವ ಗೀಚುಗಳ ಚಿತ್ರ ತೆಗೆದಿಟ್ಟುಕೊಳ್ಳಿ.

ಒಳಗೆ

ಬರಲು ಎರಡು ಕಡೆ ದಾರಿ ಇದೆ. ಒಂದು ಸಮುದ್ರದ ಬದಿಯಲ್ಲಿ, ಪಾಮ್ ಬೀಚ್ ಹೋಟೆಲಿನ ಹತ್ತಿರ. ಬೇಲಿಯ ಹೊರಗೆ ಉಳಿದು ಇಂದಿಗೂ ನಡೆಯುತ್ತಿರುವ ಈ ಹೋಟೆಲು 1974ಕ್ಕೆ ಮೊದಲು ಕಾನ್‌ಸ್ಟಾನ್ಷಿಯಾ ಆಗಿತ್ತು. ಇನ್ನೊಂದು ಊರಿನ ಬದಿಯ ದೊಡ್ಡ ಬಾಗಿಲು, ಸೈಕಲ್ ಬಾಡಿಗೆಯ ಗದ್ದಲವೆಲ್ಲ ಇರುವುದು ಅಲ್ಲಿ. ಟ್ಯಾಕ್ಸಿಯವರಿಗೆ ಯಾವ ಬಾಗಿಲು ಎಂದು ಹೇಳಿ, ವಾಪಸಿಗೂ ಅದೇ ಬಾಗಿಲಲ್ಲಿ ಕಾಯಲು ತಿಳಿಸಿ. ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಿದ್ದು ಟ್ಯಾಕ್ಸಿ ಹುಡುಕುವುದು ಇಲ್ಲಿ ನಿತ್ಯದ ಕಥೆ.

ತೆರೆದ ರಸ್ತೆಗಳಿಗೆ ಹೊಸ ಡಾಂಬರು ಬಿದ್ದಿದೆ. ಎರಡೂ ಬದಿ ಹಗ್ಗ ಕಟ್ಟಿದ್ದಾರೆ, ಅಡ್ಡಬೀದಿಗಳಿಗೆ ಬೇಲಿ ಇದೆ. ಫೋನಿನ ನಕ್ಷೆ 1974ರ ಬೀದಿಗಳನ್ನೆಲ್ಲ ತೋರಿಸಿ ‘ಎಡಕ್ಕೆ ತಿರುಗಿ’ ಅನ್ನುತ್ತದೆ, ಕಿವಿಗೊಡಬೇಡಿ. ಎರಡು ಬೀದಿ ಮುಖ್ಯ. ಒಳಗಿನದು ದೆಮೊಕ್ರಾತಿಯಾಸ್, ಅಂಗಡಿಬೀದಿ. ಬಟ್ಟೆಯಂಗಡಿ, ಬ್ಯಾಂಕು, ಕಚೇರಿಗಳ ಹಲಗೆಗಳಲ್ಲಿ ಗ್ರೀಕ್ ಮತ್ತು ಇಂಗ್ಲಿಷ್ ಅಕ್ಷರ ಇನ್ನೂ ಓದಬಹುದು. ಇನ್ನೊಂದು ಕೆನಡಿ ಅವೆನ್ಯೂ, ದಡದ ಹೋಟೆಲುಗಳ ಬೆನ್ನಿಗೆ ಹೋಗುವ ರಸ್ತೆ. ನಟಿ ಎಲಿಜಬೆತ್ ಟೇಲರ್‌ಗೆ ಇಷ್ಟದ್ದೆಂದು ಹೇಳುವ ಆರ್ಗೊ ಹೋಟೆಲು ಇದ್ದದ್ದು ಇದೇ ರಸ್ತೆಯಲ್ಲಿ. ಮೊದಲು ಅಂಗಡಿಬೀದಿ, ಆಮೇಲೆ ಕೆನಡಿ, ಕೊನೆಗೆ ದಡ ಎಂಬ ಕ್ರಮದಲ್ಲಿ ಹೋದರೆ ಜನ ಬಾಳಿದ ಊರು ಮೊದಲು ಕಾಣುತ್ತದೆ, ಪ್ರವಾಸಿಗರ ಊರು ಆಮೇಲೆ. ಹೆಚ್ಚಿನವರು ನೇರ ಹೋಟೆಲುಗಳ ಕಡೆ ಓಡುತ್ತಾರೆ. ವರೋಶಾ ಬರೀ ರೆಸಾರ್ಟ್ ಆಗಿರಲಿಲ್ಲ, ಶಾಲೆ, ಚರ್ಚು, ಕಿತ್ತಳೆ ತೋಟಗಳಿದ್ದ ಊರು. ಹೋಟೆಲುಗಳ ಅಸ್ಥಿಪಂಜರ ಎಲ್ಲವೂ ಒಂದೇ ಥರ. ಎರಡಂತಸ್ತಿನ ಒಂದು ಮನೆ, ಅದರ ಅಂಗಳದ ಬೋಗನ್‌ವಿಲ್ಲಾ ಬಾಗಿಲನ್ನೇ ನುಂಗಿರುವುದು, ಛಾವಣಿಯಿಂದ ಇಣುಕುವ ಮರ, ಹೆಚ್ಚು ಹೊತ್ತು ನಿಂತು ನೋಡಬೇಕಾದ್ದು ಇಂಥವನ್ನು.

1974ರ ಊಟದ ತಟ್ಟೆ ಮೇಜಿನ ಮೇಲೆ ಹಾಗೆಯೇ ಇದೆ, ಷೋರೂಮಿನಲ್ಲಿ ಹೊಸ ಕಾರು ನಿಂತಿದೆ ಎಂದೆಲ್ಲ ಓದಿ ಹೋದರೆ ನಿರಾಸೆಯಾಗುತ್ತದೆ. ಬಾಗಿಲು, ಕಿಟಕಿ, ಸ್ನಾನದ ತೊಟ್ಟಿ, ತಂತಿ ಎಲ್ಲವೂ ಎಂದೋ ಲೂಟಿಯಾಗಿವೆ. ಉಳಿದಿರುವುದು ಚಿಪ್ಪು.

ಎಲ್ಲಿ ನಡೆಯಬಾರದು, ಯಾಕೆ

ಕಟ್ಟಡದೊಳಗೆ ಹೋಗುವುದು ನಿಷಿದ್ಧ. ಹಗ್ಗ ದಾಟಿದರೆ ಸೀಟಿ ಊದುತ್ತಾರೆ, ಮುಂದುವರಿದರೆ ಠಾಣೆ. ಕಾನೂನು ಇಲ್ಲದಿದ್ದರೂ ಹೋಗಬಾರದು ಅನ್ನಲು ಕಾರಣ ಸಮುದ್ರದ ಉಪ್ಪು. ಕಾಂಕ್ರೀಟಿನೊಳಗಿನ ಸರಳಿನ ಮೇಲೆ, ಸಿಮೆಂಟಿನ ಕ್ಷಾರದಿಂದ, ಒಂದು ತೆಳು ರಕ್ಷಣೆಯ ಪದರ ಇರುತ್ತದೆ. ಕಡಲಗಾಳಿಯ ಕ್ಲೋರೈಡ್ ಮೆಲ್ಲಗೆ ಇಳಿದು ಆ ಪದರವನ್ನು ಮುರಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಒಳಗಿನಿಂದ ಒತ್ತಿ ಕಾಂಕ್ರೀಟಿನ ಮೈ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ನೋಡಿಕೊಳ್ಳುವವರಿದ್ದರೆ ಬಣ್ಣ, ಗಾರೆ, ನೀರಿನ ತಡೆ ಎಂದು ಇದನ್ನು ಮುಂದೂಡುತ್ತಾರೆ. ಇಲ್ಲಿ ಐವತ್ತು ವರ್ಷ ಯಾರೂ ಮುಟ್ಟಿಲ್ಲ.

ಎಲ್ಲಕ್ಕಿಂತ ಅಪಾಯ ಬಾಲ್ಕನಿಗಳದು. ಗೋಡೆಯಿಂದ ಹೊರಚಾಚಿ ತೂಗುವ ಬಾಲ್ಕನಿಯಲ್ಲಿ ಭಾರ ಹೊರುವ ಮುಖ್ಯ ಸರಳು ಚಪ್ಪಡಿಯ ಮೇಲ್ಭಾಗದಲ್ಲಿರುತ್ತದೆ, ಮಳೆನೀರು ನಿಲ್ಲುವುದೂ ಅಲ್ಲಿಯೇ. ಕೆಳಗಿನಿಂದ ನೋಡಿದರೆ ಚಪ್ಪಡಿ ಗಟ್ಟಿಯಾಗಿ ಕಾಣುತ್ತದೆ, ಮೇಲೆ ಸರಳು ಸವೆದಿರುತ್ತದೆ. ಬೀಳುವಾಗ ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಒಮ್ಮೆಲೇ ಮಡಚಿಕೊಳ್ಳುತ್ತದೆ. ಆದ್ದರಿಂದ ಹಗ್ಗದೊಳಗಿದ್ದರೂ ರಸ್ತೆಯ ನಡುವೆ ನಡೆಯಿರಿ. ಜೋರು ಗಾಳಿಯ ದಿನ, ಅದರಲ್ಲೂ ಚಳಿಗಾಲದ ಮಳೆಯ ಮರುದಿನ, ಎತ್ತರದ ಹೋಟೆಲುಗಳ ಬುಡದಲ್ಲಿ ನಿಲ್ಲಬೇಡಿ. ಹಗ್ಗ ಕಟ್ಟಿದವರು ಗಾಳಿಯ ಲೆಕ್ಕ ಹಾಕಿಲ್ಲ.

ಹುಲ್ಲು ಬೆಳೆದ ಅಂಚಿಗೂ ಕಾಲಿಡಬೇಡಿ. ಸೈಪ್ರಸ್ಸಿನಲ್ಲಿ ವಿಷದ ಮಂಡಲದ ಹಾವಿದೆ. ಪಾಳು ಗೋಡೆ, ಕಲ್ಲಿನ ಸಂದು ಅದಕ್ಕೆ ಇಷ್ಟದ ಜಾಗ. ಪಾಪಾಸುಕಳ್ಳಿಯ ಹಣ್ಣು ಕೆಂಪಗೆ ಕರೆಯುತ್ತದೆ, ಬರಿಗೈಯಲ್ಲಿ ಕೀಳಬೇಡಿ. ಕಣ್ಣಿಗೆ ಕಾಣದಂಥ ಸಣ್ಣ ಮುಳ್ಳು ಬೆರಳಲ್ಲಿ ದಿನಗಟ್ಟಲೆ ಕೂತಿರುತ್ತದೆ. ಕಾಲಿಗೆ ಚಪ್ಪಲಿ ಸಾಲದು, ಅಟ್ಟೆ ದಪ್ಪವಿರುವ ಷೂ ಹಾಕಿ. ದಡದಲ್ಲಿಯೂ ಹೋಟೆಲಿನ ಬೇಲಿಯ ಸಮೀಪ ಮರಳಿನೊಳಗೆ ತುಕ್ಕುಹಿಡಿದ ಸರಳು, ಗಾಜಿನ ಚೂರು ಇರುತ್ತವೆ. ಬರಿಗಾಲು ನೀರಿನಂಚಿನಲ್ಲಿ ಮಾತ್ರ. ಈಜಲು ಬಿಟ್ಟಿರುವ ಭಾಗಕ್ಕೆ ಗುರುತಿದೆ, ಅದರಾಚೆ ಸೇನೆಯದು. ಬೇಸಿಗೆಯಲ್ಲಿ ಮರಳಿನ ಮೇಲೆ ಸಣ್ಣ ಪಂಜರ ಕವುಚಿಟ್ಟಿದ್ದರೆ ಅದು ಕಡಲಾಮೆಯ ಗೂಡು, ಸುತ್ತಿಕೊಂಡು ಹೋಗಿ.

ಒಂದು ಹೆಂಚಿನ ಚೂರು, ಹಳೆಯ ಸೀಸೆಯ ಮುಚ್ಚಳ, ಏನನ್ನೂ ಎತ್ತಿಕೊಳ್ಳಬೇಡಿ. ಅದು ನೆನಪಿನ ವಸ್ತುವಲ್ಲ, ಇನ್ನೊಬ್ಬರ ಮನೆಯದು. ಮನೆಯ ಹಕ್ಕು ಇನ್ನೂ ಜೀವಂತ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ, ವರೋಶಾದ ಮನೆಯೊಂದರ ಬಗ್ಗೆ ಕ್ಸೆನಿಡೆಸ್-ಅರೆಸ್ಟಿಸ್ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2005ರಲ್ಲಿ ಟರ್ಕಿಯ ವಿರುದ್ಧ ತೀರ್ಪು ಕೊಟ್ಟಿದೆ. ಬೇರೆ ಕಡೆಯಿಂದ, ಇಲ್ಲಿನ ನೆಲ ಆಟೊಮನ್ ಕಾಲದ ವಕ್ಫ್ ಆಸ್ತಿ ಎಂದು ಉತ್ತರದ ಎವ್‌ಕಾಫ್ ಸಂಸ್ಥೆ ಹೇಳುತ್ತದೆ.

ಕ್ಯಾಮೆರಾ

ದಡ ಪೂರ್ವಕ್ಕಿದೆ. ಹಾಗಾಗಿ ಹೋಟೆಲುಗಳ ಸಮುದ್ರದ ಮುಖಕ್ಕೆ ಬೆಳಗಿನ ಬಿಸಿಲು, ಕೆನಡಿ ಅವೆನ್ಯೂ ಬದಿಗೆ ಮಧ್ಯಾಹ್ನ 3ರ ನಂತರದ ಬಿಸಿಲು. ಚಿತ್ರಕ್ಕಾಗಿಯೇ ಹೋಗುವವರು ಮೇಲೆ ಹೇಳಿದ ಕ್ರಮವನ್ನು ತಿರುಗಿಸಿ, ಬಾಗಿಲು ತೆರೆದ ಕೂಡಲೇ ದಡಕ್ಕೆ ಹೋಗಿ. ಹಗ್ಗದಾಚೆಯಿಂದ ತೆಗೆಯಬೇಕಾದ್ದರಿಂದ 70–200 ಮಿ.ಮೀ. ಮಸೂರ ಉಪಯೋಗಕ್ಕೆ ಬರುತ್ತದೆ, ಅಂಗಡಿಬೀದಿಗೆ 24 ಮಿ.ಮೀ. ಸಾಕು. ಉಪ್ಪುಗಾಳಿಗೆ ಮಸೂರದ ಮೇಲೆ ಪರೆ ಕಟ್ಟುತ್ತದೆ, ಒರೆಸುವ ಬಟ್ಟೆ ಎರಡಿರಲಿ. ಡ್ರೋನ್ ತರಲೇಬೇಡಿ, ಚೀಲದಲ್ಲಿ ಕಂಡರೂ ಪ್ರಶ್ನೆ ಏಳುತ್ತದೆ. ಸೈನಿಕನ ಚಿತ್ರವಿರುವ ಕೆಂಪು ಫಲಕ ಇರುವ ಕಡೆ ಯಾವ ದಿಕ್ಕಿಗೂ ಕ್ಯಾಮೆರಾ ಎತ್ತಬಾರದು.

ಇನ್ನೊಂದು ಬಗೆಯ ಚಿತ್ರವನ್ನೂ ತೆಗೆಯಬೇಡಿ. ಬೀದಿಯಲ್ಲಿ ವಯಸ್ಸಾದವರೊಬ್ಬರು ಮಕ್ಕಳ ಕೈಹಿಡಿದು ಒಂದೇ ಮನೆಯ ಎದುರು ಬಹಳ ಹೊತ್ತು ನಿಂತಿರುವುದು ಕಾಣಬಹುದು. ಅದು ಅವರದೇ ಮನೆ ಆಗಿರುವ ಸಂಭವ ಹೆಚ್ಚು. ಸೈಕಲ್ಲಿನ ಗಂಟೆ ಬಾರಿಸದೆ, ಮಾತು ತಗ್ಗಿಸಿ, ದೂರದಿಂದ ಸಾಗಿ ಹೋಗಿ. ಅವರಾಗಿ ಮಾತಾಡಿಸಿದರೆ ಕೇಳಿ. ಆ ಹಿನ್ನೆಲೆಯಲ್ಲಿ ಕುಣಿದು ರೀಲ್ಸ್ ಮಾಡುವವರ ಗುಂಪೂ ಅಲ್ಲಿರುತ್ತದೆ, ಏನು ಹೇಳೋಣ.

ಹೊಟ್ಟೆಗೆ, ಮತ್ತು ವಾಪಸು

ಊಟಕ್ಕೆ ಹೊರಬಂದು ಫಾಮಗುಸ್ತಾದ ಕೋಟೆಯೊಳಗೆ ಹೋಗಿ. ಸಂತ ನಿಕೊಲಾಸ್ ಕೆಥೆಡ್ರಲ್ ಆಗಿದ್ದು ಈಗ ಲಾಲಾ ಮುಸ್ತಫಾ ಪಾಶಾ ಮಸೀದಿಯಾಗಿರುವ ಕಟ್ಟಡದ ಸುತ್ತ ಊಟದ ಮನೆಗಳಿವೆ. ಸಸ್ಯಾಹಾರಿಗಳು ‘ಎತ್‌ಸಿಜ್’ ಎಂದು ಕೇಳಿ, ಮಾಂಸವಿಲ್ಲದ್ದು ಎಂದರ್ಥ. ಆದರೂ ಸಾರಿನಲ್ಲಿ ಮಾಂಸದ ರಸ ಇರಬಹುದು. ಮೊಲೊಹಿಯಾ ಎಂಬ ಸೊಪ್ಪಿನ ಪದಾರ್ಥ ನಮ್ಮ ಬಸ್ಸಾರಿನ ಸೊಪ್ಪಿನ ಹಾಗೆ ಕಂಡು ಮೋಸ ಮಾಡುತ್ತದೆ, ಅದನ್ನು ಸಾಮಾನ್ಯವಾಗಿ ಕೋಳಿ ಅಥವಾ ಕುರಿಮಾಂಸದ ಜೊತೆ ಬೇಯಿಸುತ್ತಾರೆ. ಸುಟ್ಟ ಹೆಲ್ಲಿಮ್ ಚೀಸ್, ಹುಮ್ಮುಸ್, ಆಲಿವ್ ಹಾಕಿದ ಬ್ರೆಡ್ಡು ನಂಬಬಹುದಾದವು.

ಭಾನುವಾರ ಸಂಜೆ ದಾಟುವಲ್ಲಿ ಕಾರುಗಳ ಸಾಲು ಉದ್ದ ಬೆಳೆಯುತ್ತದೆ. ವಾಪಸು ಬರುವಾಗ ದಕ್ಷಿಣದ ಸುಂಕದವರು ಚೀಲ ನೋಡಬಹುದು. ತಲೆಗೆ 40 ಸಿಗರೇಟು, ಒಂದು ಲೀಟರ್ ಮದ್ಯ, ಒಟ್ಟು 260 ಯೂರೋ ಬೆಲೆಯ ಸಾಮಾನು, ಅದಕ್ಕಿಂತ ಹೆಚ್ಚಿದ್ದರೆ ಕಿತ್ತುಕೊಳ್ಳುತ್ತಾರೆ. ಹಾಲಿನ, ಮಾಂಸದ ಪದಾರ್ಥ ತರಲು ಹೋಗಬೇಡಿ.

ಗೆರೆ ದಾಟಲು ಮನಸ್ಸಿಲ್ಲದವರು, ವೀಸಾ ತೊಡಕಿರುವವರು ಡೆರೀನಿಯಾ ಊರಿನಲ್ಲೇ ನಿಲ್ಲಬಹುದು. ಅಲ್ಲಿನ ಸಾಂಸ್ಕೃತಿಕ ಕೇಂದ್ರದ ಮಾಳಿಗೆಯಿಂದ ದುರ್ಬೀನಿನಲ್ಲಿ ವರೋಶಾದ ಹೋಟೆಲುಗಳ ಸಾಲು ಕಾಣುತ್ತದೆ. ಮಧ್ಯಾಹ್ನದ ಮೇಲೆ ಬಿಸಿಲು ನಿಮ್ಮ ಬೆನ್ನ ಕಡೆಗೆ ತಿರುಗಿ ಕಟ್ಟಡಗಳ ಮೇಲೆ ಬೀಳುತ್ತದೆ, ಆಗ ಹೋಗಿ. ಮಾಗಿಯ ಮಂಜಿನ ಬೆಳಗಾದರೆ ಏನೂ ಕಾಣದು. ಮನೆ ಕಳೆದುಕೊಂಡವರು ಹಲವು ದಶಕ ತಮ್ಮ ಊರನ್ನು ನೋಡಿದ್ದು ಈ ದೂರದಿಂದಲೇ.

ಲಾರ್ನಕಾಕ್ಕೆ ಮರಳಿದ ಮೇಲೆ ಅರ್ಧ ಗಂಟೆ ಉಳಿದರೆ ಕನ್ನಡದವರಿಗೆ ಅಲ್ಲೊಂದು ಕೆಲಸವಿದೆ. ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯ 1964ರಿಂದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಕಮಾಂಡರ್ ಆಗಿ ಈ ದ್ವೀಪದಲ್ಲಿದ್ದರು, 1965ರ ಡಿಸೆಂಬರ್ 18ರಂದು ಇಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಮರುವರ್ಷ ಅವರ ಅಂಚೆಚೀಟಿ ತಂದಿತು. 1974ರಲ್ಲಿ ವರೋಶಾ ಖಾಲಿಯಾದಾಗ ಆ ಪಡೆಯ ಮುಖ್ಯಸ್ಥರಾಗಿದ್ದವರೂ ಭಾರತದವರೇ, ಜನರಲ್ ದಿವಾನ್ ಪ್ರೇಮ್ ಚಂದ್. ಲಾರ್ನಕಾದಲ್ಲಿ ತಿಮ್ಮಯ್ಯನವರ ಹೆಸರಿನ ದೊಡ್ಡ ರಸ್ತೆಯೊಂದಿದೆ. ಫಲಕದ ಮೇಲಿನ ಗ್ರೀಕ್ ಅಕ್ಷರಗಳನ್ನು ಕೂಡಿಸಿ ಓದಿದರೆ ‘ಸ್ತ್ರತಿಗು ತಿಮಾಯಾ’ ಅನ್ನುತ್ತದೆ, ಜನರಲ್ ತಿಮ್ಮಯ್ಯ ರಸ್ತೆ.